ಒಂದೇ ಕೋಣೆಯನ್ನು ಮೂರು ಸಲ ಓದುವುದು

ಸಂಪಾದಕರ ಮಾತು

ಈ ಸಂಚಿಕೆಯನ್ನು ವಿಡಿಯೊ ಗೇಮ್‌ಗಳಿಗೆ ಮೀಸಲಿಟ್ಟಿದ್ದೇವೆ. ನಾಟಕ, ಸಿನಿಮಾ, ಯಕ್ಷಗಾನದ ಸಾಲಿನಲ್ಲೇ ಕೂರಿಸಿ ಮಾತಾಡಬೇಕಾದ ಕಲೆ ಇದು ಎಂಬ ನಂಬಿಕೆ ನಮ್ಮದು. ನಾಟಕ ನೋಡಿ ಬಂದವರು ಎರಡನೆಯ ಅಂಕ ಎಳೆಯಿತು, ಕೊನೆಯ ದೃಶ್ಯ ಚೆನ್ನಾಗಿ ಕೂತಿತು ಎಂದು ಮನೆ ತಲುಪುವವರೆಗೂ ವಾದ ಮಾಡುತ್ತಾರೆ. ಸಾಹಸದ ಗೇಮ್ ಆಡುವವರ ನಡುವೆ ಅಂಥ ವಾದ ಏಳುವುದು ಹೆಚ್ಚಾಗಿ ಡಂಜನ್‌ಗಳ, ಅಂದರೆ ಒಗಟು ಬಿಡಿಸುತ್ತ ದಾಟಬೇಕಾದ ಮುಚ್ಚಿದ ಜಾಗಗಳ ಬಗ್ಗೆ. ಯಾವ ಡಂಜನ್ ಚೆನ್ನಾಗಿದೆ, ಯಾವುದು ಬರೀ ಕಾಟ, ಯಾವುದರಲ್ಲಿ ಬುದ್ಧಿಗೆ ಕೆಲಸವಿದೆ. ಈ ವಾದ ಕನ್ನಡದಲ್ಲಿ ಬಾಯಿಮಾತಾಗಿ ನಡೆಯುವಷ್ಟು ಬರಹವಾಗಿ ಬರುತ್ತಿಲ್ಲ. ಅದಕ್ಕೇ ಈ ಸಲದ ಸಂಪಾದಕರ ಮಾತಿನಲ್ಲಿ ನನಗೆ ಬಹಳ ಇಷ್ಟವಾದ ಆಟದ ಡಂಜನ್‌ಗಳ ಬಗ್ಗೆ ನನ್ನ ಅಭಿಪ್ರಾಯವನ್ನೇ ಬರೆಯುತ್ತಿದ್ದೇನೆ.

ಆಟ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’. ಜಪಾನಿನ ನಿಂಟೆಂಡೊ ಕಂಪನಿ 1998ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ್ದು. ಆಡದವರಿಗೆ ಎರಡು ಮಾತಿನಲ್ಲಿ ಹೇಳುವುದಾದರೆ, ಲಿಂಕ್ ಎಂಬ ಹುಡುಗ ಒಂದು ರಾಜ್ಯವನ್ನು ಕೇಡಿನಿಂದ ಉಳಿಸಬೇಕು. ಅದಕ್ಕಾಗಿ ಒಂದಾದ ಮೇಲೊಂದು ಡಂಜನ್ ಹೊಕ್ಕು ಹೊರಬರಬೇಕು. ಪ್ರತಿ ಡಂಜನ್ನಿನಲ್ಲಿ ಬೀಗ ಹಾಕಿದ ಬಾಗಿಲು, ಬಚ್ಚಿಟ್ಟ ಕೀಲಿ, ಬಿಡಿಸಬೇಕಾದ ಒಗಟು, ಹೊಸದೊಂದು ಸಲಕರಣೆ, ಕೊನೆಯಲ್ಲೊಬ್ಬ ರಾಕ್ಷಸ. ಲೆಕ್ಕ ಎಲ್ಲ ಡಂಜನ್‌ಗೂ ಒಂದೇ. ಆದರೂ ಕೆಲವು ಮನಸ್ಸಿನಲ್ಲಿ ಉಳಿಯುತ್ತವೆ, ಕೆಲವು ಆಡಿದ ಮರುದಿನಕ್ಕೇ ಮರೆತುಹೋಗುತ್ತವೆ. ಅದೇಕೆ ಎಂಬುದೇ ನನ್ನ ಪ್ರಶ್ನೆ.

ನನ್ನ ಉತ್ತರ ಇಷ್ಟು: ಒಳ್ಳೆಯ ಡಂಜನ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಕಲಿಸುತ್ತದೆ. ಮೊದಲ ಸಲ ಗೋಡೆಯಾಗಿ ಕಂಡದ್ದು ಎರಡನೆಯ ಸಲ ದಾರಿಯಾಗಿ ಕಾಣಬೇಕು. ಜಾಗ ಇದ್ದಲ್ಲೇ ಇದ್ದು, ಅದನ್ನು ನೋಡುವ ಕಣ್ಣು ಬೆಳೆಯಬೇಕು.

ಈ ಆಟದ ಮೊದಲ ಡಂಜನ್, ಡೆಕು ಎಂಬ ಮುದಿ ಮರದ ಒಡಲು, ಈ ಪಾಠವನ್ನು ಹೊಸಬರಿಗೆ ಬಹಳ ಮೃದುವಾಗಿ ಹೇಳಿಕೊಡುತ್ತದೆ. ಒಳಗೆ ಹೊಕ್ಕ ಕೂಡಲೇ ನೆಲದ ನಡುವೆ ದಪ್ಪನೆಯ ಜೇಡರ ಬಲೆ. ಅದರ ಮೇಲೆ ನಿಂತರೆ ತೂಗುತ್ತದೆ, ಹರಿಯುವುದಿಲ್ಲ. ಕತ್ತಿಗೂ ಬಗ್ಗುವುದಿಲ್ಲ. ಸರಿ, ಮರದ ಒಳಗೋಡೆ ಹಿಡಿದು ಮೇಲಕ್ಕೆ ಹತ್ತುತ್ತೇವೆ. ತುತ್ತತುದಿಗೆ ಬಂದು ಕೆಳಗೆ ನೋಡಿದರೆ ಆ ಬಲೆ ನೇರ ಕಾಲ ಕೆಳಗೇ ಕಾಣುತ್ತದೆ. ಇಷ್ಟೆತ್ತರ ಯಾಕೆ ಹತ್ತಿದೆವು ಎಂಬುದು ಆಗ ಹೊಳೆಯುತ್ತದೆ. ಅಲ್ಲಿಂದ ಧುಮುಕಿದರೆ ಬಲೆ ಹರಿದು ಕೆಳಗಿನ ಕತ್ತಲೆಯ ನೀರಿಗೆ ಬೀಳುತ್ತೇವೆ. ಹೀಗೆ ಮಾಡು ಎಂದು ಯಾರೂ ಹೇಳಿರುವುದಿಲ್ಲ. ಎತ್ತರ, ಬಲೆ, ನಮ್ಮ ಮೈಭಾರ ಇವು ಮೂರೇ ಸೇರಿ ಹೇಳಿಕೊಟ್ಟ ಮಾತು ಅದು. ಗೇಮ್ ಎಂಬ ಕಲೆಗಷ್ಟೇ ಸಾಧ್ಯವಾಗುವ ಮಾತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಕಾಡಿನೊಳಗಿನ ಪಾಳು ಬಂಗಲೆಯಂತಿರುವ ಫಾರೆಸ್ಟ್ ಟೆಂಪಲ್ ಈ ಆಟದ ನನ್ನ ಮೆಚ್ಚಿನ ಡಂಜನ್‌ಗಳ ಪಟ್ಟಿಯಲ್ಲಿ ಮೂರನೆಯದು. ನಾಲ್ವರು ದೆವ್ವದ ಅಕ್ಕತಂಗಿಯರು ನಡುಮನೆಯ ನಾಲ್ಕು ಪಂಜುಗಳ ಬೆಂಕಿ ಕದ್ದು ಓಡಿಹೋಗುತ್ತಾರೆ. ಒಬ್ಬೊಬ್ಬರನ್ನೇ ಹುಡುಕಿ ಬೆಂಕಿಯನ್ನು ಮರಳಿ ತರಬೇಕು. ಅಲ್ಲಿ ಸುರುಳಿಯಾಗಿ ತಿರುಚಿಕೊಂಡ ಒಂದು ಓಣಿಯಿದೆ. ಸರಿಯಾದ ಕಡೆ ಬಾಣ ಬಿಟ್ಟರೆ ಓಣಿ ನೇರವಾಗುತ್ತದೆ, ಆಚೆ ತುದಿಯ ಕೋಣೆ ಒಂದು ಮಗ್ಗುಲಿಗೆ ಮಲಗುತ್ತದೆ. ಈಗಷ್ಟೇ ನಡೆದುಹೋದ ಕೋಣೆಯೇ ಬೇರೆಯಾಗಿಬಿಡುತ್ತದೆ. ಇದೇ ಆಟದ ಇನ್ನೊಂದು, ಬೆಂಕಿಯ ಡಂಜನ್ ಚುರುಕಾಗಿದೆ, ಆದರೆ ಅದರಲ್ಲಿ ಇಂಥ ಒಳತಿರುವು ಕಡಿಮೆ.

ಶ್ಯಾಡೋ ಟೆಂಪಲ್ ನನಗೆ ಹಿಡಿಸುವುದಿಲ್ಲ. ಸ್ಮಶಾನದ ಅಡಿಯಲ್ಲಿ ಚಿತ್ರಹಿಂಸೆಯ ಸಾಧನಗಳನ್ನೂ ಸುಳ್ಳು ಗೋಡೆಗಳನ್ನೂ ಜೋಡಿಸಿ ಹೆದರಿಸುವ ಡಂಜನ್ ಅದು. ಯಾತನೆಯನ್ನು ಅಲಂಕಾರವಾಗಿ ಬಳಸಿದಾಗ ನನ್ನ ಮನಸ್ಸು ಹಿಂದೆ ಸರಿಯುತ್ತದೆ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಕರ್ನಲ್ ಬೈಲಿ ಡಂಜನ್ ನೋಡಿದವರಿಗೆ ಈ ಮಾತು ಅರ್ಥವಾದೀತು. ಕಾವೇರಿಯ ಪಕ್ಕ ನೆಲಮಟ್ಟಕ್ಕಿಂತ ಕೆಳಗೆ ಕಮಾನು ಕಮಾನಾಗಿ ಕಟ್ಟಿ ಸುಣ್ಣ ಬಳಿದ ಉದ್ದನೆಯ ಕೋಣೆ. ಗೋಡೆಯಿಂದ ಹೊರಚಾಚಿದ ಕಲ್ಲಿನ ಹಲಗೆಗಳು. ಅವುಗಳಲ್ಲಿ ಸರಪಳಿ ತೂರಿಸುವ ತೂತುಗಳು. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಅಲ್ಲಿ ಒಗಟಿಲ್ಲ, ಕೀಲಿ ಇನ್ನೊಬ್ಬರ ಕೈಯಲ್ಲಿತ್ತು, ಅಷ್ಟೇ. ನಿಜವಾದ ಸೆರೆಮನೆಯ ನೆನಪನ್ನು ಹೆದರಿಕೆಯ ಸಾಮಾನಿನಂತೆ ಬಳಸುವ ಆಟಗಾರಿಕೆ ನನಗೆ ಹಗುರ ಅನ್ನಿಸುತ್ತದೆ.

ಎರಡನೆಯ ಸ್ಥಾನ ಮರುಭೂಮಿಯ ಸ್ಪಿರಿಟ್ ಟೆಂಪಲ್‌ಗೆ. ಅದರ ಅರ್ಧವನ್ನು ಬಾಲಕ ಲಿಂಕ್ ದಾಟಬೇಕು, ಉಳಿದರ್ಧವನ್ನು 7 ವರ್ಷ ಕಳೆದು ಬೆಳೆದ ಲಿಂಕ್. ಸಣ್ಣ ಕಿಂಡಿಯಲ್ಲಿ ನುಸುಳಲು ಹುಡುಗನ ಮೈ ಬೇಕು; ದೊಡ್ಡ ಬಂಡೆ ನೂಕಲು ದೊಡ್ಡವನ ತೋಳು ಬೇಕು, ಅದಕ್ಕೆ ಹುಡುಗನಾಗಿದ್ದಾಗ ಅಲ್ಲೇ ಗಳಿಸಿದ ಕೈಗವಸೂ ಬೇಕು. ಬಾಲ್ಯದಲ್ಲಿ ಕಂಡ ಮನೆಯನ್ನು ದೊಡ್ಡವರಾದ ಮೇಲೆ ಮತ್ತೆ ಹೊಕ್ಕವರ ಅನುಭವವನ್ನು ಇಷ್ಟು ಸರಳವಾಗಿ ಕಟ್ಟಿದ ಬೇರೊಂದು ಆಟ ನಾನು ಕಂಡಿಲ್ಲ.

ಮೊದಲ ಸ್ಥಾನವನ್ನು ವಾಟರ್ ಟೆಂಪಲ್‌ಗೆ ಕೊಡುತ್ತೇನೆ. ಆಟಗಾರರು ಲೋಕದ ಎಲ್ಲೆಡೆ ಶಪಿಸಿದ ಡಂಜನ್ ಅದು. ಸರೋವರದ ತಳದಲ್ಲಿರುವ ಮಂದಿರ. ನಡುವೆ ಒಂದು ಗೋಪುರ, ಸುತ್ತ ಕೋಣೆಗಳು. ನೀರಿನ ಮಟ್ಟ ಮೂರು: ತಳ, ನಡು, ಮೇಲು. ಮೂರು ಬೇರೆ ಬೇರೆ ಕಡೆ ನಿಂತು ಒಂದು ರಾಗ ನುಡಿಸಿದರೆ ನೀರು ಆ ಮಟ್ಟಕ್ಕೆ ಬರುತ್ತದೆ. ಮುಳುಗಲು ಕಬ್ಬಿಣದ ಬೂಟು ಹಾಕಬೇಕು, ತೇಲಲು ತೆಗೆಯಬೇಕು. ಹಾಕಿ ತೆಗೆಯಲು ಪ್ರತಿ ಸಲವೂ ಆಟ ನಿಲ್ಲಿಸಿ ಪಟ್ಟಿ ತೆರೆಯಬೇಕಿತ್ತು. ಜನ ರೋಸಿಹೋದದ್ದು ಇದಕ್ಕೇ. ಈ ಕಾಟಕ್ಕೆ ಡಂಜನ್‌ಗಳನ್ನು ರೂಪಿಸಿದ ಐಜಿ ಔನುಮಾ ಅವರೇ ಬಹಿರಂಗವಾಗಿ ವಿಷಾದ ಹೇಳಿದರು. 2011ರಲ್ಲಿ ನಿಂಟೆಂಡೊ 3ಡಿಎಸ್‌ಗಾಗಿ ಆಟವನ್ನು ಹೊಸದಾಗಿ ಮಾಡಿದಾಗ ಬೂಟನ್ನು ಒಂದು ಗುಂಡಿಗೆ ಇಳಿಸಿದರು, ನೀರಿನ ಮಟ್ಟ ಬದಲಿಸುವ ಜಾಗಗಳಿಗೆ ದಾರಿ ತೋರುವ ಬಣ್ಣದ ಗೆರೆಗಳನ್ನೂ ಎಳೆದರು.

ಬೂಟಿನ ದೂರು ನ್ಯಾಯವಾದದ್ದೇ. ಆದರೆ ಬೂಟಿನ ಮೇಲಿನ ಸಿಟ್ಟಿನಲ್ಲಿ ಮಂದಿರದ ಅಂದ ಕಾಣದೆ ಹೋಗಬಾರದು. ಆ ನಡುಗೋಪುರವನ್ನೇ ನೋಡಿ. ನೀರು ತಳದಲ್ಲಿದ್ದಾಗ ಅದರೊಳಗೆ ಹೋದರೆ ನೆಲದ ಮೇಲೊಂದು ದಿಮ್ಮಿ, ಸುತ್ತ ಬರಿ ಗೋಡೆ. ಇಲ್ಲೇನೂ ಇಲ್ಲ ಎಂದು ಬರುತ್ತೇವೆ. ಅಲ್ಲೇ ಮೇಲೆ ಹತ್ತಿ ರಾಗ ನುಡಿಸಿ ನೀರನ್ನು ನಡುಮಟ್ಟಕ್ಕೆ ಏರಿಸಿದರೆ ದಿಮ್ಮಿ ತೇಲಿ ಮೇಲೇಳುತ್ತದೆ, ಅದು ಮುಚ್ಚಿಕೊಂಡಿದ್ದ ತೂತು ಬಾಯಿ ತೆರೆಯುತ್ತದೆ. ಕೀಲಿಯ ದಾರಿ ಅದರೊಳಗಿದೆ. ಎಷ್ಟೋ ಮಂದಿ ದಿನಗಟ್ಟಲೆ ಸಿಕ್ಕಿಹಾಕಿಕೊಂಡದ್ದು ಇಲ್ಲೇ. ನೀರು ಏರಿದೊಡನೆ ಅವರು ಹೊಸ ಬಾಗಿಲು ಹುಡುಕಿ ಹೊರಗೆ ಓಡಿದರು. ಕಾಲ ಕೆಳಗಿನ ಹಳೆಯ ಕೋಣೆಯನ್ನು ಇನ್ನೊಮ್ಮೆ ನೋಡಲಿಲ್ಲ. ನೀರು ಏರಿದರೆ ದಾರಿಯೂ ಬದಲಾಗುತ್ತದೆ, ನೋಡಿದ್ದನ್ನೇ ಮತ್ತೆ ನೋಡು ಎಂಬುದು ಆ ಡಂಜನ್ನಿನ ಒಂದೇ ನಿಯಮ. ಆ ನಿಯಮಕ್ಕೆ ಅದು ಕೊನೆಯವರೆಗೂ ನಿಷ್ಠವಾಗಿದೆ.

ಈ ನಿಯಮ ನನಗೆ ಹತ್ತಿರವಾಗಲು ನಾನಿರುವ ಊರೂ ಕಾರಣವಿರಬೇಕು. ಈ ಮಾತನ್ನು ಬರೆಯುತ್ತಿರುವುದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ. ಈ ನೆಲದ ಬಹುಭಾಗ ನೀರಿನ ತಳದಿಂದ ಎತ್ತಿದ್ದು. 1920ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರ್, ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಗಟ್ಟಿ ಮರಳದಿಣ್ಣೆಯನ್ನು ಕಡಿಸಿ ಹಡಗಿಗೆ ದಾರಿ ಮಾಡಿದ. 1928ರ ಮೇ ತಿಂಗಳಲ್ಲಿ ಮುಂಬೈಯಿಂದ ಬಂದ ‘ಪದ್ಮ’ ಎಂಬ ಹಡಗು ಒಳಬಂದರಿಗೆ ಬಂತು. ಹಿನ್ನೀರನ್ನು ಆಳ ಮಾಡುವಾಗ ಎತ್ತಿದ ಮಣ್ಣು ವೆಂಡುರುತ್ತಿ ಎಂಬ ಹಳೆಯ ದ್ವೀಪದ ಪಕ್ಕ ಹೊಸ ನೆಲವಾಯಿತು. ಹಡಗಿಗೆ ಆಳ, ಮನುಷ್ಯರಿಗೆ ಅಂಗಳ, ಎರಡೂ ಒಂದೇ ಕೆಲಸದಲ್ಲಿ ಆದದ್ದು.

ಊರಿನ ಉತ್ತರಕ್ಕೆ ಕಡಮಕ್ಕುಡಿಯ ಕಡೆ ಹೋದರೆ ಪೊಕ್ಕಾಳಿ ಗದ್ದೆಗಳು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಭತ್ತ. ಕೊಯ್ಲು ಮುಗಿದು ಹಿನ್ನೀರು ಉಪ್ಪಾದಾಗ ತೂಬು ತೆರೆದು ಭರತದ ನೀರು ಒಳಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ. ನಮ್ಮ ಕುಮಟಾದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಅಘನಾಶಿನಿಯ ಗಜನಿ ಭೂಮಿಯಲ್ಲಿ ಕಗ್ಗ ಭತ್ತ ಬೆಳೆದವರು ಅವರು. ಒಂದೇ ತುಂಡು ನೆಲ, ನೀರಿನ ಮಟ್ಟ ಬೇರೆ, ಬದುಕು ಬೇರೆ. ವಾಟರ್ ಟೆಂಪಲ್ಲಿನ ನಿಯಮವನ್ನು ಈ ಕರಾವಳಿಯ ರೈತರು ಬಹಳ ಹಿಂದೆಯೇ ಕೆಲಸ ಮಾಡಿ ತೋರಿಸಿದ್ದಾರೆ. ಔನುಮಾ ಅವರ ಮಂದಿರ ನನಗೆ ಪರದೇಶದ್ದು ಅನ್ನಿಸದಿರುವುದು ಇದರಿಂದ.

ಈಗ ನಮ್ಮದೇ ಊರುಗಳ ಹೆಸರು ಹೊತ್ತ ಇನ್ನೊಂದು ಆಟಕ್ಕೆ ಬರುತ್ತೇನೆ. ಅಮೆರಿಕದ ನಾಟಿ ಡಾಗ್ ಸಂಸ್ಥೆ 2017ರ ಆಗಸ್ಟ್‌ನಲ್ಲಿ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಹೊರತಂದಿತು. ಕಥೆ ನಡೆಯುವುದು ಪಶ್ಚಿಮಘಟ್ಟದಲ್ಲಿ. ಭಾರತೀಯ ತಂದೆಯ ಮಗಳಾದ ಕ್ಲೋಯಿ ಫ್ರೇಜರ್, ಜೊತೆಗಾತಿ ನಡೀನ್ ರಾಸ್ ಇಬ್ಬರೂ ಹೊಯ್ಸಳರು ಅಡಗಿಸಿಟ್ಟ ಗಣೇಶನ ದಂತವನ್ನು ಹುಡುಕುತ್ತ ಹೋಗುತ್ತಾರೆ. ಹಳೇಬೀಡು, ಬೇಲೂರು ಎಂಬ ಹೆಸರುಗಳು ಲೋಕದ ಲಕ್ಷಾಂತರ ಮನೆಗಳ ಟೀವಿ ಪರದೆಯ ಮೇಲೆ ಬಂದವು. ಇಬ್ಬರು ಹೆಂಗಸರನ್ನು ನಡುವೆ ನಿಲ್ಲಿಸಿ, ಅವರ ನಡುವೆ ನಿಧಾನವಾಗಿ ನಂಬಿಕೆ ಹುಟ್ಟುವುದನ್ನು ತೋರಿಸಿದ ರೀತಿ ನನಗೆ ತುಂಬ ಇಷ್ಟ. ಜೀಪಿನಲ್ಲಿ ತಿರುಗುತ್ತ ಮೂರು ಕೋಟೆಗಳನ್ನು ಬೇಕಾದ ಕ್ರಮದಲ್ಲಿ ಹೊಗಲು ಬಿಡುವ ದೊಡ್ಡ ಬಯಲೂ ಚೆನ್ನಾಗಿದೆ.

ಅದರ ಎರಡು ಒಗಟುಗಳು ಬಹಳ ಒಳ್ಳೆಯವು. ಒಂದರಲ್ಲಿ ನಾವು ಒಂದು ಕಂಬದಿಂದ ಇನ್ನೊಂದಕ್ಕೆ ಹಾರಿದಂತೆಲ್ಲ ಕಲ್ಲಿನ ಯೋಧರು ತಿರುಗಿ ಕೊಡಲಿ ಬೀಸುತ್ತಾರೆ. ಆತುರಪಟ್ಟರೆ ಸಾವು; ನಿಂತು ಅವರ ಮುಂದಿನ ಬೀಸು ಎಲ್ಲಿಗೆ ಎಂದು ಎಣಿಸಬೇಕು. ಇನ್ನೊಂದರಲ್ಲಿ ಒಡೆದ ಶಿಲ್ಪದ ತುಂಡುಗಳನ್ನು ತಿರುಗಿಸಿ ಗೋಡೆಯ ಮೇಲೆ ನೆರಳಿನ ಚಿತ್ರ ಮೂಡಿಸಬೇಕು. ತೊಗಲುಗೊಂಬೆಯ ಪರದೆ ಕಂಡ ನಾಡಿನವರಿಗೆ ಆ ನೆರಳು ಕೂಡಿಬರುವ ಗಳಿಗೆ ರೋಮಾಂಚನ ತರುತ್ತದೆ.

ಆದರೆ ಒಟ್ಟಿನಲ್ಲಿ ಆ ಡಂಜನ್‌ಗಳು ಹೊಯ್ಸಳರ ಉಡುಗೆ ತೊಟ್ಟಿವೆ, ಅವರ ನಡಿಗೆ ಕಲಿತಿಲ್ಲ. ಅಲ್ಲಿನ ವಿಗ್ರಹಗಳು ಬೆಟ್ಟದೆತ್ತರ, ಹಿಂದೆ ಜಲಪಾತಗಳು, ಸುತ್ತ ಮನುಷ್ಯರೇ ಇಲ್ಲದ ಕಾಡು. ಕಾಲಿಟ್ಟ ಚಪ್ಪಡಿ ಕುಸಿಯುತ್ತದೆ, ಹಿಡಿದ ಅಂಚು ಮುರಿಯುತ್ತದೆ, ನಾವು ದಾಟಿದ ಹಿಂದೆಯೇ ಕಟ್ಟಡ ಉರುಳುತ್ತದೆ. ಒಮ್ಮೆ ನೋಡಿದ ಕೋಣೆಗೆ ಮರಳುವ ದಾರಿಯೇ ಇಲ್ಲ, ಮರಳಬೇಕಾದ ಕಾರಣವೂ ಇಲ್ಲ. ನಿಜವಾದ ಹೊಯ್ಸಳ ಗುಡಿ ಇದಕ್ಕೆ ಸಂಪೂರ್ಣ ವಿರುದ್ಧ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಆಕಾಶಕ್ಕೆ ಚಾಚಿ ಬೆರಗು ಹುಟ್ಟಿಸುವುದಿಲ್ಲ. ಅವು ಕಣ್ಣನ್ನು ಹತ್ತಿರಕ್ಕೆ ಕರೆಯುತ್ತವೆ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಬೆರಳುಗುರಿನಷ್ಟು ಸಣ್ಣ ಕೆಲಸ. ಎತ್ತರಿಸಿದ ಜಗತಿಯೇ ಪ್ರದಕ್ಷಿಣೆಯ ದಾರಿ. ಗುಡಿಯನ್ನು ನೋಡುವುದೆಂದರೆ ಸುತ್ತು ಬರುವುದು.

ಸೋಮನಾಥಪುರದಲ್ಲಿ ಎಡಕ್ಕೆ ತಿರುಗಿ ಪ್ರದಕ್ಷಿಣೆ ಹೊರಟರೆ ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರದಲ್ಲಿ ಮಹಾಭಾರತ. ಹಳೇಬೀಡಿನಲ್ಲಿ ತಳದಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆ, ಪುರಾಣ, ಮಕರ, ಹಂಸ, ಸಾಲಿನ ಮೇಲೆ ಸಾಲು. ನಕ್ಷತ್ರದಂತೆ ಮಡಿಚಿಕೊಂಡ ಆ ಗೋಡೆ ಬೆಳಗಿನ ಬಿಸಿಲಿಗೆ ಒಂದು ಮುಖ ತೋರಿದರೆ ಇಳಿಬಿಸಿಲಿಗೆ ಇನ್ನೊಂದು ಮುಖ ತೋರುತ್ತದೆ. ದಾಸೋಜ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿಟ್ಟಿದ್ದಾರೆ. ಅವರ ಕೈಚಳಕ ಗುರುತಿಸುತ್ತ ಗೋಡೆ ಸುತ್ತುವುದೇ ಒಂದು ಒಗಟು. ಮತ್ತೆ ಮತ್ತೆ ಓದಬೇಕಾದ ಜಾಗ ಎಂಬ ಅಳತೆಯಲ್ಲಿ ನೋಡಿದರೆ ವಾಟರ್ ಟೆಂಪಲ್ಲೇ ಹೊಯ್ಸಳರಿಗೆ ಹೆಚ್ಚು ಹತ್ತಿರ. ಯುನೆಸ್ಕೊ 2023ರಲ್ಲಿ ಈ ಮೂರು ಊರುಗಳ ಗುಡಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಇನ್ನು ಮುಂದೆ ಹೊಯ್ಸಳರ ಆಟ ಕಟ್ಟುವವರು ಗುಡಿಯನ್ನು ಬೀಳಿಸದೆ, ಸುತ್ತಿಸಲಿ ಎಂಬುದು ನನ್ನ ಆಸೆ.

ಜಾಗವನ್ನು ಮರೆತು ನಿಧಿಯನ್ನಷ್ಟೇ ನೋಡುವ ಚಟ ಗೇಮ್‌ಗಳದ್ದು ಮಾತ್ರವಲ್ಲ. 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ನೆಲಮಾಳಿಗೆಗಳನ್ನು ತೆರೆದು ಪಟ್ಟಿ ಮಾಡತೊಡಗಿದಾಗ ದೇಶವೆಲ್ಲ ಚಿನ್ನದ ಲೆಕ್ಕಕ್ಕೆ ಬಿತ್ತು. ತೆರೆಯದೆ ಉಳಿದ ‘ಬಿ’ ಕೋಣೆಯ ಸುತ್ತ ಹಾವಿನ ಕಾವಲು, ಮಂತ್ರದ ಬೀಗ ಎಂಬ ಕಥೆಗಳು ಹಬ್ಬಿದವು. 2020ರ ಜುಲೈ ತೀರ್ಪಿನಲ್ಲಿ ಕೋರ್ಟು ಆ ಕೋಣೆಯ ವಿಚಾರವನ್ನು ಆಡಳಿತ ಸಮಿತಿಗಳ ವಿವೇಚನೆಗೆ ಬಿಟ್ಟಿತು. ಆ ಬಾಗಿಲು ಮುಚ್ಚಿದ್ದರೂ ನನಗೆ ಕೊರತೆಯಿಲ್ಲ. ನಾವು ನಿಂತು ನೋಡಬೇಕಾದ ಕಂಬಗಳು, ಮಂಟಪಗಳು, ಮನೆಮನೆಯ ನೆನಪುಗಳು ಆ ಬಾಗಿಲ ಈಚೆಗೇ ಇವೆ. ಒಂದು ಬೀಗದ ಮಾತಿನಲ್ಲಿ ಅವೆಲ್ಲ ಮರೆಗೆ ಸರಿದದ್ದು ಬೇಸರದ ಸಂಗತಿ.

ಹಾಗಾದರೆ ಕನ್ನಡದ ಡಂಜನ್ ಹೇಗಿರಬಹುದು? ಅದರ ನಕ್ಷೆ ನಮ್ಮ ಓದುಗರ ಮನೆಯ ಹಿಂದಿನ ಗುಡ್ಡದಲ್ಲೇ ಇದೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳನ್ನೇ ಹೇಳುತ್ತಿದ್ದೇನೆ. ಒಬ್ಬರು ಮೈ ಕುಗ್ಗಿಸಿ ಹೋಗುವಷ್ಟು ಅಗಲ. ಮುರಕಲ್ಲನ್ನು ಪಿಕ್ಕಾಸಿನಲ್ಲಿ ಒಬ್ಬರು ಕಡಿದರೆ ಇನ್ನೊಬ್ಬರು ಮಣ್ಣು ಹೊರಗೆ ಸಾಗಿಸುತ್ತಾರೆ. ಕೈಯಲ್ಲಿ ದೀಪ ಅಥವಾ ಮೇಣದಬತ್ತಿ. ಅದು ನಂದಿತೆಂದರೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ತಿಳಿದು ಹಿಂದೆ ಬರಬೇಕು. ಕಲ್ಲಿನ ಪಸೆ ನೋಡಿ ಕವಲು ಒಡೆಯಬೇಕು. ನೆಲ ಬಾಯಿಯ ಕಡೆಗೆ ತುಸು ಇಳಿಜಾರಾಗಿದ್ದರೆ ಪಂಪಿಲ್ಲದೆಯೇ ನೀರು ಹರಿದು ಬಂದು ಅಡಿಕೆ ಮರದ ದಂಬೆಯಲ್ಲಿ ತೊಟ್ಟಿಗೆ ಬೀಳುತ್ತದೆ. ಶ್ರೀ ಪಡ್ರೆಯವರು ಈ ಜಾಣತನದ ಬಗ್ಗೆ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳು ಒಣಗಿಯೇ ಉಳಿದರೂ ಬಿಡದೆ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದರಲ್ಲಿ ಕತ್ತಲೆಯಿದೆ, ಅಪಾಯವಿದೆ, ಕವಲುದಾರಿಯಿದೆ, ದೀಪವೆಂಬ ಸಲಕರಣೆಯಿದೆ, ಸೋತ ದಾರಿಯಿಂದ ಪಾಠ ಕಲಿತು ಮತ್ತೆ ಹೊಗುವ ಹಟವಿದೆ. ರಾಕ್ಷಸನ ಜಾಗದಲ್ಲಿ ಉಸಿರುಗಟ್ಟುವ ಗಾಳಿ, ನಿಧಿಯ ಜಾಗದಲ್ಲಿ ಬೇಸಿಗೆಯ ನೀರು. ಕೊಳ್ಳೆ ಹೊಡೆದು ಹೊರಬಂದು ಮುಗಿಸುವ ಜಾಗವೂ ಇದಲ್ಲ. ಕುಸಿದ ಮಣ್ಣು ತೆಗೆಯಲು ಮತ್ತೆ ಒಳಗೆ ಹೋಗಬೇಕು, ಹೋದಾಗಲೆಲ್ಲ ಮತ್ತೆ ಓದಬೇಕು. ಇಂಥ ಒಂದು ಆಟ ಬಂದರೆ ಟೋಕಿಯೊದ ಆಟಗಾರರಿಗೂ ಅದು ಹೊಸದಾಗಿಯೇ ಇರುತ್ತದೆ.

ಆಗದ ಮಾತೇನಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡ 2020ರಲ್ಲಿ ‘ರಾಜಿ: ಆ್ಯನ್ ಏನ್ಷಿಯೆಂಟ್ ಎಪಿಕ್’ ಮಾಡಿ ರಾಜಸ್ಥಾನದ ಕಟ್ಟಡಗಳನ್ನೂ ಪಹಾಡಿ ಚಿತ್ರಗಳ ಬಣ್ಣವನ್ನೂ ಆಟದೊಳಗೆ ತಂದಿತು. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ನೀತಿ ರೂಪಿಸಿದೆ. ತಿರುವನಂತಪುರದ ಟೆಕ್ನೋಪಾರ್ಕಿನಲ್ಲೂ ಬೆಂಗಳೂರಿನಲ್ಲೂ ಕೈಕೆಲಸ ಬಲ್ಲ ಕನ್ನಡದ ಹುಡುಗ ಹುಡುಗಿಯರಿಗೆ ಬರವಿಲ್ಲ. ನೀತಿಗಳು ಉದ್ಯೋಗದ ಲೆಕ್ಕ ಹೇಳುತ್ತವೆ, ಅದೂ ಬೇಕು. ರುಚಿ ಬೆಳೆಸುವುದು ಮಾತ್ರ ವಿಮರ್ಶೆಯ ಕೆಲಸ. ಕನ್ನಡದಲ್ಲಿ ರಂಗಭೂಮಿ ಬೆಳೆದದ್ದು ನಾಟಕವಾಡಿದವರಿಂದ ಎಷ್ಟೋ, ನೋಡಿ ಜಗಳವಾಡಿ ಬರೆದವರಿಂದಲೂ ಅಷ್ಟೇ. ಗೇಮಿಗೂ ಆ ಜಗಳ ಬೇಕು.

ಅದಕ್ಕೇ ಓದುಗರಲ್ಲಿ ಒಂದು ಕೋರಿಕೆ. ನೀವು ಆಡಿದ ಆಟಗಳಿಂದ ಒಂದೇ ಒಂದು ಕೋಣೆ ಆರಿಸಿಕೊಳ್ಳಿ. ಬಾಗಿಲು ಎಲ್ಲಿದೆ, ಬೆಳಕು ಎಲ್ಲಿಂದ ಬೀಳುತ್ತದೆ, ನೀವು ಮೊದಲು ಏನು ಗಮನಿಸಲಿಲ್ಲ, ಆಮೇಲೆ ಏನು ಕಂಡಿರಿ, ಅದನ್ನು ಕಟ್ಟಿದವರು ನಿಮ್ಮಿಂದ ಏನು ಬಯಸಿದ್ದರು ಎಂದು ಬರೆದು ಕಳಿಸಿ. ಆಡದ ಹಿರಿಯರು ಮನೆಯ ಮಕ್ಕಳ ಪಕ್ಕ ಕೂತು ನೋಡಿ ಬರೆಯಬಹುದು. ಸುರಂಗ ಕೊರೆದವರು, ಗಜನಿಯ ಬಾಗಿಲು ಕಾದವರು ಮನೆಯಲ್ಲಿದ್ದರೆ ಅವರ ಬಾಯಿಂದ ಕೇಳಿ ಬರೆಯಿರಿ. ನಾಳೆ ಕನ್ನಡದಲ್ಲಿ ಡಂಜನ್ ಕಟ್ಟುವವರಿಗೆ ಎರಡೂ ಬಗೆಯ ಬರಹ ಬೇಕಾಗುತ್ತದೆ. ಬಂದದ್ದರಲ್ಲಿ ಒಳ್ಳೆಯದನ್ನು ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚು ಹಾಕುತ್ತೇವೆ.